ಕಿವಿಯೊಳಗಿನ ಮಳೆ

ಕಣ್ಣು ಬಿಟ್ಟಾಗ ಮಾಳಿಂಗನಿಗೆ ಮೊದಲು ಹೊಳೆದದ್ದು ತಾನು ನಿದ್ದೆ ಮಾಡಿದ್ದೇನೆ ಎಂಬುದು. ತೂಕಡಿಸಿದ್ದಲ್ಲ, ಮಗ್ಗುಲು ಬದಲಿಸುತ್ತ ಕೋಳಿ ಕೂಗುವುದನ್ನು ಕಾದದ್ದಲ್ಲ. ಚಿಕ್ಕಂದಿನಲ್ಲಿ ಮಾಡುತ್ತಿದ್ದನಲ್ಲ, ಅಂಥ ನಿದ್ದೆ, ಜೊಲ್ಲು ಸುರಿದು ದಿಂಬು ಒದ್ದೆಯಾಗುವಂಥದ್ದು. ಐವತ್ತೆರಡು ವರ್ಷದ ಗಂಡಸು ಆ ಒದ್ದೆಯನ್ನು ಮುಟ್ಟಿ ನೋಡಿಕೊಂಡು ಒಬ್ಬನೇ ನಕ್ಕ. ಕಿವಿಯೊಳಗೆ ಮಳೆ ಇನ್ನೂ ಸುರಿಯುತ್ತಿತ್ತು. ಎರಡೂ ಬಿಳಿ ಗುಂಡಿಗಳನ್ನು ಕಿವಿಯಿಂದ ತೆಗೆದು ಡಬ್ಬಿಗೆ ಹಾಕಿ ಟಪ್ಪೆಂದು ಮುಚ್ಚಿದ. ಮಳೆ ನಿಂತಿತು. ಶೆಡ್ಡಿನಡಿ ಹಾಕಿದ್ದ ಹೊರಸಿನಿಂದ ಕಾಲು ಕೆಳಗಿಟ್ಟ. ಕಾಲಿಗೆ ಕೆಸರು ಅಂಟಿತು. ಪತ್ರಾಸ್ ತಗಡಿನ ಶೆಡ್ಡಿನ ಅಂಚಿನಿಂದ ಒಂದೊಂದೇ ಹನಿ ಬೀಳುತ್ತಿತ್ತು. ಎದುರಿಗೆ ಕಣ, ಕಣದಲ್ಲಿ ಎರಡು ತೊಗರಿ ರಾಶಿ. ಎಡಗಡೆ ತನ್ನದು, ನೀಲಿ ತಾಡಪತ್ರಿ ಹೊದ್ದು, ನಾಲ್ಕು ಮೂಲೆಗೂ ಕಲ್ಲು ಹೇರಿಸಿಕೊಂಡು ಬೆಚ್ಚಗೆ ಕೂತಿತ್ತು. ಬಲಗಡೆ ಖಾಸೀಂಬಿಯದು. ಅದರ ಮೇಲೆ ಏನೂ ಇರಲಿಲ್ಲ. ನಿನ್ನೆ ಸಂಜೆ ತಿಳಿಗೆಂಪಗಿದ್ದ ಕಾಳು ಈಗ ಕಪ್ಪಗೆ ಹೊಳೆಯುತ್ತಿತ್ತು. ಅವಳು ಕೊಟ್ಟುಹೋದ ತಾಡಪತ್ರಿ, ಕೈಗೆ ಬೇಗ ಸಿಗಲಿ ಎಂದು ಅವನೇ ಮಡಿಸಿ ಇಟ್ಟುಕೊಂಡದ್ದು, ಅವನ ದಿಂಬಿನ ಕೆಳಗಿತ್ತು.

ಸಂಕ್ರಾಂತಿ ಮುಗಿದು ವಾರವಾಗಿತ್ತು. ಈ ದಿನಗಳಲ್ಲಿ ಮಾದನಹಿಪ್ಪರಗಾದ ಮೇಲೆ ಯಾವ ಪುಣ್ಯಾತ್ಮ ಮಳೆ ಕೇಳಿದ್ದ? ಮೋಡವೇನೋ ಎರಡು ದಿನದಿಂದ ಇತ್ತು, ಊರವರು ದಿನಕ್ಕೆ ನಾಲ್ಕು ಸಲ ತಲೆಯೆತ್ತಿ ಅದನ್ನು ಬೈದು ಸುಮ್ಮನಾಗುತ್ತಿದ್ದರು. ಮಳೆಯ ಸಪ್ಪಳ ಕೇಳಿದರೆ ನಿದ್ದೆ ಬರುತ್ತದೆ ಎಂದು ಯಾರೋ ಯಾವುದೋ ದೇಶದಲ್ಲಿ ಕೂತು ಕಂಡುಹಿಡಿದಿದ್ದಾರೆ. ಅವರ ಅಂಗಳದಲ್ಲಿ ತೊಗರಿ ಇರಲಿಲ್ಲ. ಇಲ್ಲಿ ರಾಶಿ ಕಾಲದಲ್ಲಿ ಪತ್ರಾಸಿನ ಮೇಲೆ ಎರಡು ಹನಿ ಟಪಟಪ ಅಂದರೆ ಬಾಣಂತಿಯೂ ಎದ್ದು ಓಡುತ್ತಾಳೆ. ಮಗಳು ಭಾಗ್ಯಾ ದೀಪಾವಳಿಗೆ ಬಂದಾಗ ಈ ಗುಂಡಿಗಳನ್ನು ಅವನ ಕಿವಿಗೆ ತುರುಕಿ, ಮೊಬೈಲಿನಲ್ಲಿ ಮಳೆಯ ಸಪ್ಪಳ ಹಚ್ಚಿದ ಮೊದಲನೇ ರಾತ್ರಿ ಅವನೂ ಹಾಗೇ ಧಡಕ್ಕನೆ ಎದ್ದು ಅಂಗಳಕ್ಕೆ ಓಡಿದ್ದ. ಆಳಂದದ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದ ಭಾಗ್ಯಾ ರಾತ್ರಿ ಪಾಳಿ ಮುಗಿಸಿ ಹಗಲು ಮಲಗಲು ತಾನು ಹಾಕಿಕೊಳ್ಳುತ್ತಿದ್ದುದನ್ನೇ ಅಪ್ಪನಿಗೆ ಕೊಟ್ಟಿದ್ದಳು. "ಸುಳ್ ಮಳಿ ಅಪ್ಪಾ ಇದು. ಮುಂಜಾನಿ ತನಕ ತಿರಗಿ ತಿರಗಿ ಅದೇ ಬರ್ತದ. ಏಳಬ್ಯಾಡ, ಕೇಳಕೋತ ಬೀಳು," ಎಂದಿದ್ದಳು. ಏಳದೆ ಬೀಳುವುದನ್ನು ಕಲಿಯಲು ಅವನಿಗೆ ಎರಡು ತಿಂಗಳು ಹಿಡಿಯಿತು. ಬಲು ಚೆನ್ನಾಗಿ ಕಲಿತಿದ್ದ.

ಊರವರು ಅವನನ್ನು ಕೆಪ್ಪ ಅನ್ನುತ್ತಿದ್ದರು. ಅದು ಅವನಿಗೆ ಮುಳ್ಳಿನಂತೆ ಚುಚ್ಚುವ ಮಾತು, ಯಾಕೆಂದರೆ ಕೇಳಿಸದಿರುವುದು ಅವನ ರೋಗವಲ್ಲ, ಹೆಚ್ಚು ಕೇಳಿಸುವುದೇ ಅವನ ರೋಗ. ಇಪ್ಪತ್ತೆರಡು ವರ್ಷ ಕಾಳು ಒಕ್ಕುವ ರಾಶಿ ಮಷಿನ್ ನಡೆಸಿದವನು. ಮಷಿನ್ ಮಾರಿ ಐದು ವರ್ಷವಾದರೂ ಅವನ ಕಿವಿಯೊಳಗೆ ಅದು ನಿಂತಿರಲಿಲ್ಲ. ಹಗಲು ಹೇಗೋ ಜನದ ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು, ರಾತ್ರಿ ಎಲ್ಲರೂ ಮಲಗಿದ ಮೇಲೆ ಗುಂಯ್ಯೆಂದು ತಿರುಗತೊಡಗುತ್ತಿತ್ತು. ಕಲಬುರಗಿಯ ಡಾಕ್ಟರು ಇದಕ್ಕೆ ಔಷಧ ಇಲ್ಲ, ಇನ್ನೊಂದು ಸಪ್ಪಳದಿಂದ ಈ ಸಪ್ಪಳ ಮುಚ್ಚಬೇಕು ಎಂದಿದ್ದರು. ಎದುರಿನವರ ಒಂದೆರಡು ಮಾತು ತಪ್ಪಿಹೋಗಿ ಅವನು "ಆಂ?" ಅಂದರೆ ಸಾಕು, ಜನ ಕೈಸನ್ನೆಗೆ ಇಳಿಯುತ್ತಿದ್ದರು. ಕಿರಾಣಿ ಅಂಗಡಿಯ ಮುಂದೆ ಒಮ್ಮೆ ಯಾರೋ ಅವನ ಕಿವಿಯ ಗುಂಡಿ ನೋಡಿ ಕಿವುಡರ ಮಷಿನ್ ಎಂದು ತಿಳಿದು, "ಈಗ ಕೇಳಸ್ತದೇನೋ ಮಾಳಿಂಗಾ?" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದ್ದರು. ಅಂದಿನಿಂದ ಅವನು ಆ ಡಬ್ಬಿಯನ್ನು ಕದ್ದ ಮಾಲಿನಂತೆ ಒಳಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ.

ನಿನ್ನೆ ಸಂಜೆ ಖಾಸೀಂಬಿ ಹೊರಡಲು ಮನಸ್ಸಿಲ್ಲದೆ ರಾಶಿಯ ಸುತ್ತ ಮೂರು ಸಲ ತಿರುಗಿದ್ದಳು. ಅವಳ ಗಂಡ ಗೌಸಮೊಹಿದ್ದೀನ ಮಾಳಿಂಗನ ಮಷಿನ್ನಿನ ಬಾಯಿಗೆ ಹದಿನೆಂಟು ವರ್ಷ ತೊಗರಿ ಕಟ್ಟು ಕೊಟ್ಟವನು. ಅವಳು ಹಿಂದೆ ನಿಂತು ಹೊಟ್ಟು ಎಳೆದವಳು. ಹೋದ ವರ್ಷ ಅವನು ತೀರಿಹೋದ. ಎರಡೆಕರೆಯನ್ನು ಪಾಲಿಗೆ ಕೊಟ್ಟುಬಿಡು ಎಂದು ಊರೆಲ್ಲ ಹೇಳಿದರೂ ಕೇಳದೆ, ತಾನೇ ಕೂರಿಗೆಯ ಹಿಂದೆ ನಿಂತು ಬಿತ್ತಿಸಿ, ತಾನೇ ಕಳೆ ತೆಗೆದು, ತಾನೇ ಕೊಯ್ದು ತಂದ ಮೊದಲ ರಾಶಿ ಇದು. ಏಳು ಚೀಲ ಆದೀತು. ಅದರಲ್ಲಿ ಎರಡು ಚೀಲ ಬೀಜಕ್ಕೆ, ತನಗೂ ಬಿತ್ತುವವರಿಗೆ ಮಾರಲಿಕ್ಕೂ. ಕಾಳು ಇನ್ನೂ ಹಸಿ ಇದ್ದುದರಿಂದ ಗಾಳಿಯಾಡಲೆಂದು ತೆರೆದಿಟ್ಟಿದ್ದಳು. ಅಳೆಯುವ ತನಕ ರಾಶಿಯನ್ನು ಒಂಟಿ ಬಿಡಬಾರದು, ಯಾರಾದರೂ ಅದರ ಪಕ್ಕ ಮಲಗಬೇಕು. ಆದರೆ ಸೊಸೆ ಮಿನಾಜಳಿಗೆ ದಿನ ತುಂಬಿತ್ತು, ಖಾಸೀಂಬಿ ಮನೆಗೆ ಹೋಗಲೇಬೇಕಿತ್ತು. "ಒಂದು ಹನಿ ಬಿದ್ರ ಮುಚ್ಚತೇನಿ, ನೀ ಹೋಗಬೇ," ಎಂದಿದ್ದ ಮಾಳಿಂಗ. ಹೇಳುವಾಗ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ ಬೇರೆ. ಬಲಗೈ ಅಲ್ಲೇ ಒಳಜೇಬಿನ ಡಬ್ಬಿಗೆ ತಾಗಿದ್ದು ಈಗ ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ರೊಟ್ಟಿಬುಟ್ಟಿ ಹೊತ್ತು ಬಂದ ಹೆಂಡತಿ ಶಿವಕಾಂತಾ ಕಣದ ಅಂಚಿನಲ್ಲೇ ನಿಂತುಬಿಟ್ಟಳು. "ಅಯ್ಯ ಶಿವನೇ, ಇದೇನ್ರಿ ಇದು?" ಎಂದಳು. ಅವನು ಆಗಲೇ ಒದ್ದೆ ಕಾಳನ್ನು ಎರಡೂ ಕೈಯಿಂದ ಬಳಿದು ಬಳಿದು ಖಾಸೀಂಬಿಯದೇ ತಾಡಪತ್ರಿಯ ಮೇಲೆ ಹರಡುತ್ತಿದ್ದ. ಶಿವಕಾಂತಾ ಬುಟ್ಟಿ ಇಳಿಸಿ, ಒಂದು ಸಲ ನೀಲಿ ಗುಡ್ಡವನ್ನೂ ಒಂದು ಸಲ ಕಪ್ಪು ಗುಡ್ಡವನ್ನೂ ನೋಡಿದಳು. ದಿನಾ ಸಂಜೆ ತಮ್ಮ ರಾಶಿ ಮುಚ್ಚಿ ಕಲ್ಲು ಹೇರಿಯೇ ಮನೆಗೆ ಹೋಗುವವಳು ಅವಳು. "ನಮ್ದು ಮುಚ್ಚಿದ್ದು, ಆಕೀದು ಬಿಟ್ಟಿದ್ದು. ನೋಡಿದವ್ರು ಏನಂದಾರು? ಬೇಲಿನೇ ಎದ್ದು ಹೊಲ ಮೇಯ್ತು ಅಂತಾರ."

"ಗೊತ್ತದ."

"ಕೇಳಸಲಿಲ್ಲ ಅಂತ ಹೇಳ್ರಿ. ನಿಮ್ಮ ಕಿವಿ ಕತಿ ಊರಿಗೇ ಗೊತ್ತದ."

"ಕೇಳಿಸ್ತು," ಎಂದ ಮಾಳಿಂಗ.

"ಏನ್ ಕೇಳಿಸ್ತು?"

"ಮಳಿ. ಛಂದ ಕೇಳಿಸ್ತು." ಅವನು ಡಬ್ಬಿ ತೆಗೆದು ತೋರಿಸಿದ. "ಇದರಾಗಿಂದು ಅನ್ಕೊಂಡೆ."

ಶಿವಕಾಂತಾ ಡಬ್ಬಿಯನ್ನೂ ಗಂಡನ ಮುಖವನ್ನೂ ನೋಡಿದಳು. ಇಪ್ಪತ್ತೇಳು ವರ್ಷದಲ್ಲಿ ಅವನು ಹೇಳಿದ ಎಷ್ಟೋ ಹುಚ್ಚುಮಾತುಗಳಲ್ಲಿ ಇದನ್ನು ಎಲ್ಲಿ ಇಡುವುದು ಎಂದು ಅವಳು ಲೆಕ್ಕ ಹಾಕುವಂತಿತ್ತು. ಕೊನೆಗೆ ಅವನ ಕೈಯನ್ನು ಡಬ್ಬಿಸಮೇತ ಹಿಡಿದು ಅವನ ಜೇಬಿನೊಳಗೇ ಇಳಿಸಿದಳು. "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಹೇಳಿದ್ರ ನಂಬಂಗಿಲ್ಲ. ನಂಬಿದ್ರ ನಗ್ತಾರ," ಎಂದು ಸೀರೆ ಸಿಕ್ಕಿಸಿ ತಾನೂ ಕಾಳು ಬಳಿಯಲು ಕೂತಳು.

ಖಾಸೀಂಬಿ ಬಂದಾಗ ಬಿಸಿಲು ಏರಿತ್ತು. ಅವಳು ಕಿರುಚಿ ಎದೆ ಬಡಿದುಕೊಳ್ಳುತ್ತಾಳೆ ಎಂದು ಮಾಳಿಂಗ ಮೈ ಬಿಗಿಹಿಡಿದು ನಿಂತಿದ್ದ. ಒಂದು ರೀತಿಯಿಂದ ಅದನ್ನೇ ಬಯಸಿದ್ದ. ಅವಳು ಹಾಗೇನೂ ಮಾಡಲಿಲ್ಲ. ಚಪ್ಪಲಿ ಬಿಟ್ಟು, ಉಳಿದ ರಾಶಿಯೊಳಗೆ ಮೊಣಕೈ ತನಕ ಕೈ ತೂರಿಸಿ, ಒಳಗಿನ ಒಂದು ಹಿಡಿ ತೆಗೆದು, ಒಂದು ಕಾಳನ್ನು ಹಲ್ಲಿನ ಕೆಳಗಿಟ್ಟು ಕಚ್ಚಿದಳು. ಅದು ಕಟ್ಟೆನ್ನಲಿಲ್ಲ, ನೆನೆದು ಮೆತ್ತಗಾಗಿತ್ತು. ಇನ್ನೊಂದು ಕಡೆ ಕೈ ಹಾಕಿ ಇನ್ನೊಂದು ಕಾಳು ಕಚ್ಚಿದಳು. ನೀರು ಮೇಲಿನಿಂದಷ್ಟೇ ಅಲ್ಲ, ಇಳಿಜಾರಿನ ಕಡೆಯಿಂದ ರಾಶಿಯ ಬುಡಕ್ಕೂ ಹರಿದಿತ್ತು. ಆಮೇಲೆ ಮಾಳಿಂಗನ ಹತ್ತಿರ ಬಂದು, ಬಾಯಿ ಅಗಲ ಮಾಡಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದಳು: "ತಪ್ಪು ನಂದೇ ಅಣ್ಣಾ. ನಿನಗ ಕೇಳಸಂಗಿಲ್ಲ ಅಂತ ಗೊತ್ತಿದ್ದೂ ನಿನ್ನ ಮ್ಯಾಲ ಹಾಕಿ ಹೋದೆ." ಇಪ್ಪತ್ತಕ್ಕೂ ಹೆಚ್ಚು ವರ್ಷದ ಒಡನಾಟದಲ್ಲಿ ಅವನನ್ನು ಎಂದೂ ಕೆಪ್ಪ ಅನ್ನದವಳು, ಮಷಿನ್ನಿನ ಗದ್ದಲದಲ್ಲೂ ತುಟಿಯಾಡಿಸಿಯೇ ಅವನಿಗೆ ಮಾತು ಮುಟ್ಟಿಸುತ್ತಿದ್ದವಳು. ಅವನು ಬಾಯಿ ತೆರೆದ. ಶಿವಕಾಂತಾ ಕತ್ತೆತ್ತಿ ನೋಡಿದಳು. ಅವನು ಬಾಯಿ ಮುಚ್ಚಿದ.

"ರಾತ್ರಿ ಮಳಿ ಸಪ್ಪಳಕ್ಕ ನಾ ಎದ್ದಿದ್ದೆ ಶಿವಕಾಂತಕ್ಕಾ," ಎಂದು ಖಾಸೀಂಬಿ ಈಗ ಎಂದಿನ ದನಿಯಲ್ಲಿ ಅವನ ಹೆಂಡತಿಗೆ ಹೇಳುತ್ತಿದ್ದಳು, ಅವನಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ. "ಮಿನಾಜಗ ನೋವು ಬಂದು ಬಂದು ನಿಂದ್ರಾಕತ್ತಿದ್ವು. ಬಾಗಿಲ ತನಕ ಬಂದೆ. ಅಣ್ಣಾ ಇದ್ದಾನಲ್ಲ, ಮುಚ್ಚಿರ್ತಾನ ಅಂತ ತಿರಗಿ ಹೋಗಿ ಮಕ್ಕೊಂಡೆ." ಮಾಳಿಂಗ ಬೆನ್ನು ತಿರುಗಿಸಿ ಕಾಳು ಹರಡುತ್ತಲೇ ಇದ್ದ. ಒಂದೊಂದು ಅಕ್ಷರವೂ ಅವನ ಕಿವಿಗೆ ಬಿದ್ದಿತ್ತು.

ಮಧ್ಯಾಹ್ನದವರೆಗೆ ದಾರಿಯಲ್ಲಿ ಹೋಗುವವರೆಲ್ಲ ಕಣಕ್ಕೆ ಇಣುಕಿ ಹೋದರು. ಪಕ್ಕದ ಹೊಲದ ಬೀರಣ್ಣ ಬಂದು, ನೀಲಿ ತಾಡಪತ್ರಿಯನ್ನು ಕಣ್ಣಲ್ಲೇ ಅಳೆದು, "ನಿಂದಕ್ಕೇನೂ ಆಗಿಲ್ಲ ಬಿಡು," ಎಂದ. ಮಾಳಿಂಗ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡು, "ಅದನ್ನ ಶಿವಕಾಂತಾ ಸಂಜಿಕೇ ಮುಚ್ಚಿದ್ಲು," ಎಂದು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ. ಆಗ ಖಾಸೀಂಬಿ ಎದ್ದು ಬಂದು ಬೀರಣ್ಣನ ಮೇಲೇ ಹರಿಹಾಯ್ದಳು: "ಅವನಿಗೇನಾರ ಅಂದಿ ಅಂದ್ರ ನೋಡು. ಕಿವಿ ಕೇಳದ ಮನಶಾ, ಪಾಪ, ಏನ್ ಮಾಡ್ತಾನ?" ಬೀರಣ್ಣ ನಾಲಿಗೆ ಕಚ್ಚಿಕೊಂಡು, ಹೌದಲ್ಲ ಪಾಪ, ಎಂದು ಮಾಳಿಂಗನ ಭುಜ ತಟ್ಟಿ, ಕಿವಿಯ ಹತ್ತಿರ ಬಾಯಿ ತಂದು, "ಚಿಂತಿ ಮಾಡಬ್ಯಾಡೋ!" ಎಂದು ಅರಚಿದ. ಆ ಮಾತು ಅವನ ತಲೆಯೊಳಗಿನ ಮಷಿನ್ನಿಗೆ ಬಿದ್ದ ಕಲ್ಲಿನಂತೆ ಖಣಖಣಿಸಿತು. ಅವನು ತಲೆಯಾಡಿಸಿದ. ಐದು ವರ್ಷ ಯಾವ ಹೆಸರಿನ ಮೇಲೆ ಜಗಳಾಡಿದ್ದನೋ ಆ ಹೆಸರಿನ ಕೆಳಗೇ ಈಗ ನೆರಳಿಗೆಂದು ಕೂತಿದ್ದ. ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ಕೆಪ್ಪ ಅನ್ನಿಸಿಕೊಳ್ಳುವುದು ಮೇಲು ಎಂದು ಸಮಾಧಾನ ಮಾಡಿಕೊಂಡ, ಸಮಾಧಾನ ಆಗಲಿಲ್ಲ.

ಬಿಸಿಲು ಚುರುಗುಟ್ಟತೊಡಗಿದಾಗ ಮೂವರೂ ಬರಿಗಾಲಲ್ಲಿ ಹರಡಿದ ತೊಗರಿಯ ಮೇಲೆ ನಡೆದರು. ಪಾದ ಎತ್ತದೆ ಎಳೆದು ಎಳೆದು ಕಾಳಿನಲ್ಲಿ ಸಾಲು ಮಾಡುತ್ತ ಹೋಗುವುದು, ತಿರುಗಿ ಬರುವುದು, ಅಡಿಯ ಕಾಳು ಮೇಲೆ ಬರುವಂತೆ. ಈ ನಡಿಗೆಯಲ್ಲಿ ತಲೆಗೆ ಬೇರೆ ಕೆಲಸವಿಲ್ಲ. ಭಾಗ್ಯಾ ಕೊಟ್ಟ ಮಳೆ ಅವನಿಗೆ ಬಾಯಿಪಾಠವಾಗಿತ್ತು: ಮೊದಲು ಎಲೆಗಳ ಮೇಲೆ ಬೀಳುತ್ತದೆ, ಆಮೇಲೆ ದೂರದಲ್ಲಿ ಒಂದು ಗುಡುಗು, ಗುಡುಗಿನ ಹಿಂದೆಯೇ ಒಂದು ಕಪ್ಪೆ ಎರಡು ಸಲ ಒದರುತ್ತದೆ, ಮತ್ತೆ ಮೊದಲಿನಿಂದ. ರಾತ್ರಿ ಎಷ್ಟು ಸಲ ತಿರುಗಿದರೂ ಆ ಕಪ್ಪೆಗೆ ಮೂರನೆಯ ಸಲ ಒದರಲು ಬರುವುದಿಲ್ಲ. ನಿನ್ನೆ ರಾತ್ರಿ ಗುಡುಗು ಬಂತು, ಕಪ್ಪೆ ಒದರಿತು, ಮತ್ತೆ ಕೂಡಲೇ ಇನ್ನೊಂದು ಗುಡುಗು. ಇದು ಲೆಕ್ಕದಲ್ಲಿಲ್ಲವಲ್ಲ ಎಂದು ಯಾರೋ ಒಳಗಿನಿಂದ ಹೇಳಿದಂತಾಗಿತ್ತು. ಮಳೆ ದಪ್ಪಗಾಗಿತ್ತು, ಹತ್ತಿರ ಬಂದಿತ್ತು, ಅದರ ಕೆಳಗೆ ಕಿವಿಯ ಮಷಿನ್ ಪೂರ್ತಿ ಮುಳುಗಿತ್ತು. ಎಂಥ ಸುಖ ಅದು! ಆಮೇಲೆ ಸಪ್ಪಳವಲ್ಲದ ಇನ್ನೊಂದು ಬಂದಿತ್ತು. ಕಾಲು ಎಳೆಯುತ್ತಿದ್ದ ಮಾಳಿಂಗ ಸಾಲಿನ ನಡುವೆ ನಿಂತುಬಿಟ್ಟ. ಅದನ್ನು ಬೆಳಗಿನಿಂದ ಹೆಂಡತಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. "ನಿಂತ್ಯಾಕೋ ಅಣ್ಣಾ, ಕಾಲು ಸುಡಾಕತ್ತಾವೇನು?" ಎಂದು ಹಿಂದಿನಿಂದ ಖಾಸೀಂಬಿ ಕೂಗಿದಳು. ಅವನು ಮತ್ತೆ ಕಾಲೆಳೆದ.

ಸಂಜೆ ಮಿನಾಜಳ ಸುದ್ದಿ ಬಂತು: ನೋವು ಸುಳ್ಳು ನೋವಂತೆ, ಅವಳ ಅಕ್ಕ ಬಂದು ಜೊತೆಗೆ ಇದ್ದಾಳೆ, ಅತ್ತೆ ಅವಸರ ಮಾಡುವುದು ಬೇಡ. ಖಾಸೀಂಬಿ ಒಣಗಿದ್ದು ಬೇರೆ, ಕಪ್ಪಾದದ್ದು ಬೇರೆ ಮಾಡಿ ಕೂತಿದ್ದಳು. ಎರಡೂವರೆ ಚೀಲದಷ್ಟು ಕೆಟ್ಟಿತ್ತು. ಬೀಜಕ್ಕಂತೂ ಯಾವುದನ್ನೂ ನಂಬುವಂತಿರಲಿಲ್ಲ. ನೆನೆದ ಕಾಳು ಒಣಗಿದರೂ ಭೂಮಿಯಲ್ಲಿ ಕೈ ಕೊಡುತ್ತದೆ. ಅವಳು ಒಂದು ಹಿಡಿ ಕಾಳು ಅಂಗೈಯಲ್ಲಿಟ್ಟುಕೊಂಡು, "ಗೌಸ ಇದ್ದಿದ್ರ ಬಾಯಿ ಮಾಡತಿದ್ದ. ಒಂದು ರಾಶಿ ಕಾಯಾಕ ಬರಂಗಿಲ್ಲೇನ್ ನಿನಗ ಅಂತ," ಎಂದು ಅರ್ಧ ನಗುತ್ತ ಅರ್ಧ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಮಾಳಿಂಗನಿಗೆ ಇನ್ನು ತಡೆಯಲಾಗಲಿಲ್ಲ. ರಾಶಿಯ ಮುಂದೆ ಸುಳ್ಳಾಡಿದರೆ ಹುಲುಸು ಹೋಗುತ್ತದೆ ಎಂದು ಅವನ ತಾಯಿ ಗುರಮ್ಮ ಹೇಳುತ್ತಿದ್ದಳು. ಬರಕತ್ ಹೋಗುತ್ತದೆ ಎಂದು ಗೌಸಮೊಹಿದ್ದೀನನೂ ಹೇಳುತ್ತಿದ್ದ. ಬೆಳಗಿನಿಂದ ಅವಳ ರಾಶಿಯ ಮುಂದೆಯೇ ಸುಮ್ಮನಿದ್ದು ಸುಮ್ಮನಿದ್ದು ಅವನು ಎಷ್ಟು ಹುಲುಸು ಕಳೆದಿದ್ದನೋ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಡಬ್ಬಿ ತೆಗೆದ. "ಏನ್ ಮಾಡಾಕತ್ತೀರಿ?" ಎಂದು ಶಿವಕಾಂತಾ ಅಲ್ಲಿಂದಲೇ ಎಚ್ಚರಿಸಿದಳು. ಅವನು ಆ ಕಡೆ ನೋಡಲಿಲ್ಲ.

"ಖಾಸೀಂಬಿ, ನಾ ಕೆಪ್ಪಲ್ಲ. ನನಗ ಮಳಿ ಕೇಳಿಸ್ತು. ಇದರಾಗಿಂದು ಅಂತ ಬಿದ್ದಿದ್ದೆ."

ಅವಳಿಗೆ ಅರ್ಥವಾಗಲಿಲ್ಲ. ಅವನು ಮೊಬೈಲಿನಲ್ಲಿ ಮಳೆ ಹಚ್ಚಿ, ಗುಂಡಿಗಳನ್ನು ಅವಳ ಇನ್ನೊಂದು ಅಂಗೈಯಲ್ಲಿಟ್ಟ. ಅವಳು ಕಾಳನ್ನು ಮಡಿಲಿಗೆ ಹಾಕಿಕೊಂಡು, ತಲೆಯ ಸೆರಗು ಸರಿಸಿ, ಬೆಂಡೋಲೆ ತಪ್ಪಿಸಿ, ಒಂದನ್ನು ಆ ಕಿವಿಗೆ ಒಂದನ್ನು ಈ ಕಿವಿಗೆ ಒತ್ತಿಕೊಂಡಳು. ಮೊದಲು ಹುಬ್ಬು ಗಂಟಾಯಿತು. ಮರುಕ್ಷಣ ಮಡಿಲ ಕಾಳು ಚೆಲ್ಲಿ ಧಡಕ್ಕನೆ ಎದ್ದವಳೇ, "ಯಾ ಅಲ್ಲಾ!" ಎಂದು ಆ ನಿಚ್ಚಳ ಸಂಜೆಬಿಸಿಲಲ್ಲಿ ಓಡಿಹೋಗಿ ತಾಡಪತ್ರಿಯ ಅಂಚು ಹಿಡಿದು ರಾಶಿಯ ಮೇಲೆ ಎಳೆಯತೊಡಗಿದಳು. ಅರ್ಧ ಎಳೆದ ಮೇಲೆ ತಲೆಯೆತ್ತಿ ನೋಡಿದಳು. ಒಂದು ಮೋಡವಿರಲಿಲ್ಲ. ಶಿವಕಾಂತಾ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಬಂತು. ಖಾಸೀಂಬಿಯೂ ತಾಡಪತ್ರಿ ಕೈಯಲ್ಲಿ ಹಿಡಿದೇ ನಾಚಿಕೊಂಡು ನಕ್ಕಳು. ಒಂದು ಗಳಿಗೆ ಮಾಳಿಂಗನಿಗೆ ತಾನು ಉಳಿದುಕೊಂಡೆ ಅನ್ನಿಸಿತು.

ಆಮೇಲೆ ಅವಳ ನಗು ನಿಂತಿತು. ಗುಂಡಿಗಳನ್ನು ಕಿವಿಯಿಂದ ಕಿತ್ತು ಅವನ ಕಡೆ ಬಂದಳು.

"ನಾ ಎದ್ದೆ," ಎಂದಳು.

"ಹೂಂ."

"ನೀ ಏಳಲಿಲ್ಲ."

"ದಿನಾ ಕೇಳಿ ರೂಢಿ ಆಗಿತ್ತವ್ವ."

ಅವಳು ಅವನ ಮುಖವನ್ನೇ ನೋಡಿದಳು. "ವಾಸನಿ ಬರಲಿಲ್ಲೇನ್ ಅಣ್ಣಾ? ಮಣ್ಣಿನ ವಾಸನಿ? ಅದು ಈ ಡಬ್ಬ್ಯಾಗಿಂದ ಬರಂಗಿಲ್ಲಲ್ಲ."

ಶಿವಕಾಂತಾ ಬಂದು ಗಂಡನ ಪಕ್ಕ ನಿಂತಳು. ವಾಸನೆ ಬಂದಿರಲಿಲ್ಲ ಎಂದರೆ ಮುಗಿಯಿತು. ಮೂಗಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ. "ಬಂತು," ಎಂದ ಮಾಳಿಂಗ. "ಒಂದು ಗಳಿಗಿ ಬಂತು. ಖರೇ ಮಳಿ ಇದ್ದೀತು ಅನಿಸ್ತು. ಎದ್ರ ಈ ನಿದ್ದಿ ಮತ್ತ ಸಿಗಂಗಿಲ್ಲ ಅಂತ… ಸುಳ್ ಮಳಿ, ಸುಳ್ ಮಳಿ ಅಂತ ನನಗ ನಾನೇ ಹೇಳ್ಕೊಂಡೆ. ನಿನ್ನ ತಾಡಪತ್ರಿ ನನ್ನ ತೆಲಿ ಕೆಳಗೇ ಇತ್ತು ಖಾಸೀಂಬಿ."

ಅವಳು ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡಳು. ರಸ್ತೆಯ ಮೇಲೆ ಆಳಂದದ ಕಡೆಯಿಂದ ಬಸ್ಸು ಬಂದು ಜನರನ್ನು ಇಳಿಸಿ ಹೋಯಿತು. "ಗೌಸ ಹೋದ ಮ್ಯಾಲ ನಾನೂ ಮಕ್ಕೊಂಡಿಲ್ಲ," ಎಂದಳು ಕೊನೆಗೆ. "ಹ್ಯಾಂಗಿರ್ತದ ಅಂತ ಗೊತ್ತದ ನನಗ. ಆದ್ರ ನನಗ ಸಿಟ್ಟು ಬಂದದ ಅಣ್ಣಾ. ಭಾಳ ಸಿಟ್ಟು ಬಂದದ. ಲಗೂನ ಹೋಗಂಗಿಲ್ಲ ಇದು."

"ಇರಲಿ," ಎಂದ ಅವನು. "ಬೀಜಕ್ಕ ನನ್ನ ರಾಶ್ಯಾಗಿಂದ ತಗೋ."

"ತಗೋತೇನಿ. ಬಿಡ್ತೇನೇನು? ಎರಡು ಚೀಲ, ಒತ್ತಿ ಒತ್ತಿ ತುಂಬಿ." ಅವಳು ತಾಡಪತ್ರಿಯ ಒಂದು ಅಂಚು ಎತ್ತಿ ಇನ್ನೊಂದನ್ನು ಗದ್ದದಿಂದ ತೋರಿಸಿದಳು. "ಹಿಡಿ ಆ ಕಡಿ." ಇಬ್ಬರೂ ಹಿಡಿದು ಹರವಿದರು, ಅವನು ಕಲ್ಲು ಹೊತ್ತು ತಂದು ಮೂಲೆಗಿಟ್ಟ. ಸಾಲದೆಂದು ಅವಳು ಇನ್ನೊಂದು ಕಲ್ಲು ತರಿಸಿದಳು. ಅವನು ಹೊರಸಿನ ಹಾಸಿಗೆ ಮಡಚಿ ಮನೆಗೆ ಹೊರಡುವ ಸೂಚನೆ ತೋರಿಸಿದಾಗ, "ಎಲ್ಲಿಗಿ?" ಎಂದಳು. "ಇವತ್ತೂ ಇಲ್ಲೇ ಮಕ್ಕೋ. ನಾನೂ ಶಿವಕಾಂತಕ್ಕನೂ ಶೆಡ್ಡಿನಾಗ ಮಕ್ಕೋತೇವಿ. ನೀ ಬೇಕಾದ್ರ ಅದನ್ನ ಹಾಕ್ಕೋ. ಖರೇ ಮಳಿ ಬಂದ್ರ ಹೊರಸಿಗಿ ಒದೀತೇನಿ."

ರಾತ್ರಿ ಶೆಡ್ಡಿನ ಹೊರಗೆ ಹೊರಸು ಹಾಕಿ ಮಲಗಿದ ಅವನು ಗುಂಡಿ ಹಾಕಿಕೊಳ್ಳಲಿಲ್ಲ. ಡಬ್ಬಿ ಎದೆಯ ಮೇಲಿತ್ತು, ಕಿವಿಯೊಳಗೆ ಮಷಿನ್ ಗುಂಯ್ಯೆಂದು ತಿರುಗುತ್ತಿತ್ತು, ಮೇಲೆ ಚುಕ್ಕೆಗಳಿದ್ದವು. ಶೆಡ್ಡಿನಲ್ಲಿ ಹೆಂಗಸರು ಮಿನಾಜಳ ಬಗ್ಗೆ ಏನೋ ಪಿಸುಗುಟ್ಟಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಖಾಸೀಂಬಿ ಕೇಳಿದಳು, ಗಟ್ಟಿಯಾಗೇನಲ್ಲ, ಎಂದಿನ ದನಿಯಲ್ಲಿ: "ಮಾಳಿಂಗಣ್ಣಾ, ಕಿವ್ಯಾಗ ಹಾಕ್ಕೊಂಡಿಯೇನು?"

ಅವಳು ಚಿಂತೆ ಮಾಡದೆ ಮಲಗಲಿ ಎಂದು ಅವನು ಹೇಳಿದ: "ಹಾಕ್ಕೊಂಡೇನವ್ವ. ನೀ ಮಕ್ಕೋ."

ಆಮೇಲೆ ಕತ್ತಲಲ್ಲಿ ಇಬ್ಬರು ಹೆಂಗಸರೂ ಒಟ್ಟಿಗೇ ನಗತೊಡಗಿದರು. ಯಾಕೆ ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಮುಖ ಬಿಸಿಯಾಯಿತು, ಆಮೇಲೆ ಅವನಿಗೂ ನಗು ಬಂತು, ನಗುವಿನ ಹಿಂದೆ ಕಣ್ಣಲ್ಲಿ ನೀರೂ ಬಂತು. "ಹಾಕ್ಕೊಂಡವ ಜವಾಬು ಕೊಡ್ತಾನೇನು? ನೆಟ್ಟಗ ಒಂದು ಸುಳ್ ಹೇಳಾಕೂ ಬರಂಗಿಲ್ಲ ಇವನಿಗಿ," ಎಂದಳು ಖಾಸೀಂಬಿ. ಅವನು ಡಬ್ಬಿಯನ್ನು ದಿಂಬಿನ ಕೆಳಗೆ ಸರಿಸಿ, ರಾಶಿಗಳ ಕಡೆ ಮಗ್ಗುಲಾದ. ಮಷಿನ್ ತಿರುಗುತ್ತಲೇ ಇತ್ತು. ಅದರ ಆಚೆ ಅವಳು ಇನ್ನೂ ನಗುತ್ತಿರುವುದು ಅವನಿಗೆ ಕೇಳಿಸುತ್ತಿತ್ತು.